ಕೊಟ್ಟ ಕೈಯ ಲೆಕ್ಕ: ಅಮೆರಿಕದ ಮೆಡಿಕೇಡ್ ನಿಯಮಗಳು ಮತ್ತು ನಮ್ಮ ಹಿರಿಯರ ಆಸ್ತಿ

ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಸಣ್ಣ ಆಪರೇಷನ್ನಿಗೋ ನಾಲ್ಕು ದಿನ ಸೇರಿ ಬರುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದೇ ಹೆಸರಿಗೆ ಬೇರೆ ಅರ್ಥ. ತಾವಾಗಿ ಎದ್ದು ಸ್ನಾನ ಮಾಡಲಾಗದ, ಉಣ್ಣಲಾಗದ, ಮರೆವಿನ ಕಾಯಿಲೆಯಲ್ಲಿ ಮನೆಮಂದಿಯ ಗುರುತೂ ತಪ್ಪಿದ ಹಿರಿಯರನ್ನು ಹಗಲಿರುಳು ನೋಡಿಕೊಳ್ಳುವ, ಎಷ್ಟೋ ಜನರಿಗೆ ಕೊನೆಯ ವಿಳಾಸವೇ ಆಗಿಬಿಡುವ ಆರೈಕೆಯ ಮನೆ ಅದು. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರ ಮೊದಲ ತಲೆಮಾರು ಈಗ ಈ ವಯಸ್ಸಿಗೆ ಬಂದಿದೆ. ಮಕ್ಕಳ ಜೊತೆ ಇರಲೆಂದು ಗ್ರೀನ್ ಕಾರ್ಡ್ ಪಡೆದು ಹೋದ ತಂದೆತಾಯಂದಿರೂ ಇದ್ದಾರೆ. ಕೇರ್‌ಸ್ಕೌಟ್ ಸಂಸ್ಥೆಯ 2024ರ ಸಮೀಕ್ಷೆಯಂತೆ, ಇಬ್ಬರು ಹಂಚಿಕೊಳ್ಳುವ ಕೋಣೆಗೇ ಇಂಥ ಕಡೆ ವರ್ಷಕ್ಕೆ ಸುಮಾರು 1,11,325 ಡಾಲರ್ ತಗಲುತ್ತದೆ. ಅರವತ್ತೈದು ದಾಟಿದವರಿಗೆ ಸಿಗುವ ಮೆಡಿಕೇರ್ ಇದನ್ನೆಲ್ಲ ಭರಿಸುತ್ತದೆಂದು ನಂಬಿದವರು ಬಹಳ ಮಂದಿ. ಮೆಡಿಕೇರ್ ಕೊಡುವುದು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಕನಿಷ್ಠ ಮೂರು ದಿನ ಇದ್ದು ಬಂದವರ ಚೇತರಿಕೆಗೆ, ಅದೂ ಹೆಚ್ಚೆಂದರೆ 100 ದಿನ. ಮೊದಲ 20 ದಿನ ಪೂರ್ತಿ ಅದರದೇ ಖರ್ಚು. ಆಮೇಲೆ ದಿನಕ್ಕಿಷ್ಟೆಂದು ರೋಗಿಯೇ ಕಟ್ಟಬೇಕು, 2025ರಲ್ಲಿ ಅದು 209 ಡಾಲರ್ 50 ಸೆಂಟ್ ಇತ್ತು. ವರ್ಷಗಟ್ಟಲೆಯ ಆರೈಕೆಗೆ ಸರ್ಕಾರದಿಂದ ಹಣ ಬರುವುದು ಮೆಡಿಕೇಡ್ ಎಂಬ ಇನ್ನೊಂದು ಯೋಜನೆಯಿಂದ. ಅದರ ಬಾಗಿಲಲ್ಲಿ ಮಾತ್ರ ಆಸ್ತಿಯ ತಪಾಸಣೆ ಇದೆ.

ಆ ತಪಾಸಣೆಯ ಬಗ್ಗೆ ನಮ್ಮವರಲ್ಲಿರುವ ಭಯ ಒಂದು ಕಡೆ, ನಿಜವಾದ ಅಪಾಯ ಇನ್ನೊಂದು ಕಡೆ. ಮನೆ ಇದ್ದರೆ, ಉಳಿತಾಯ ಇದ್ದರೆ ಎಲ್ಲ ಹೋಯಿತು ಎಂಬುದು ಭಯ. ಆದರೆ ಇರುವ ಆಸ್ತಿಗೆ ಕಾನೂನು ಹಲವು ರಕ್ಷಣೆಗಳನ್ನು ಬರೆದಿಟ್ಟಿದೆ. ಅದು ಕಠಿಣವಾಗುವುದು ಕೊಟ್ಟುಬಿಟ್ಟ ಆಸ್ತಿಯ ವಿಷಯದಲ್ಲಿ. ಬದುಕಿರುವಾಗಲೇ ಮಕ್ಕಳಿಗೆ, ಒಡಹುಟ್ಟಿದವರಿಗೆ ಕೊಟ್ಟು ನಿರಾಳವಾಗುವುದು ನಮ್ಮಲ್ಲಿ ದೊಡ್ಡ ಗುಣ. ದಾಖಲೆಯಿಲ್ಲದೆ, ಕಾಲ ನೋಡದೆ ಹಾಗೆ ಕೊಟ್ಟದ್ದೇ ಮೆಡಿಕೇಡ್ ಅರ್ಜಿಯಲ್ಲಿ ಅತಿ ದೊಡ್ಡ ತೊಡಕು. ಈ ಲೇಖನ ಹೇಳಹೊರಟಿರುವುದು ಇಷ್ಟನ್ನೇ.

ಮೊದಲು ಇರುವ ಆಸ್ತಿಯ ಲೆಕ್ಕ. ಮೆಡಿಕೇಡ್ ಕೇಂದ್ರ ಮತ್ತು ರಾಜ್ಯ ಸೇರಿ ನಡೆಸುವ ಯೋಜನೆಯಾದ್ದರಿಂದ ರಾಜ್ಯದಿಂದ ರಾಜ್ಯಕ್ಕೆ ಮೊತ್ತ ಬದಲಾಗುತ್ತದೆ. ಬಹುಪಾಲು ರಾಜ್ಯಗಳಲ್ಲಿ ಒಂಟಿ ಅರ್ಜಿದಾರರ ಬಳಿ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ದಾಟಬಾರದು. ಇಲಿನಾಯ್‌ನಲ್ಲಿ ಈ ಮಿತಿ 17,500. ಕ್ಯಾಲಿಫೋರ್ನಿಯಾ 2024ರಲ್ಲಿ ಮಿತಿಯನ್ನೇ ತೆಗೆದುಹಾಕಿತ್ತು, 2026ರ ಜನವರಿಯಿಂದ 1,30,000 ಡಾಲರ್ ಎಂದು ಮತ್ತೆ ತಂದಿದೆ. ‘ಲೆಕ್ಕಕ್ಕೆ ಬರುವ’ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ವಾಸದ ಮನೆ ಒಂದು ಮಿತಿಯವರೆಗೆ ಲೆಕ್ಕಕ್ಕೆ ಬರುವುದಿಲ್ಲ. ಗಂಡ ಅಥವಾ ಹೆಂಡತಿ ಅದರಲ್ಲೇ ವಾಸವಿದ್ದರೆ ಆ ಮಿತಿಯೂ ಅನ್ವಯಿಸದು. ಒಂದು ಕಾರು, ಮನೆಬಳಕೆಯ ಸಾಮಾನು, ಅಂತ್ಯಕ್ರಿಯೆಗೆಂದು ನಿಯಮದ ಪ್ರಕಾರ ಮೀಸಲಿಟ್ಟ ಹಣಕ್ಕೂ ವಿನಾಯಿತಿ ಉಂಟು. ದಂಪತಿಗಳಲ್ಲಿ ಒಬ್ಬರು ಆರೈಕೆ ಮನೆ ಸೇರಿದರೆ ಇನ್ನೊಬ್ಬರು ಬೀದಿಗೆ ಬೀಳಬಾರದೆಂದು 1988ರಲ್ಲೇ ಕಾನೂನು ತಿದ್ದಿದರು. ಅದರಂತೆ 2025ರಲ್ಲಿ ಮನೆಯಲ್ಲಿ ಉಳಿದ ಸಂಗಾತಿ ರಾಜ್ಯದ ನಿಯಮಕ್ಕೆ ತಕ್ಕಂತೆ 31,584ರಿಂದ 1,57,920 ಡಾಲರ್‌ವರೆಗೆ ಆಸ್ತಿ ಇಟ್ಟುಕೊಳ್ಳಬಹುದಿತ್ತು. ಈ ಮೊತ್ತ ವರ್ಷ ವರ್ಷ ಪರಿಷ್ಕರಣೆಯಾಗುತ್ತದೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಆಸ್ತಿ ವರ್ಗಾಯಿಸಿದರೆ ದಂಡವೂ ಇಲ್ಲ. ಆದಾಯದ ಮಿತಿ ಹಲವು ರಾಜ್ಯಗಳಲ್ಲಿ 2025ಕ್ಕೆ ತಿಂಗಳಿಗೆ 2,901 ಡಾಲರ್ ಇತ್ತು. ಅದನ್ನು ದಾಟಿದವರಿಗೆ ಆ ರಾಜ್ಯಗಳಲ್ಲಿ ಮಿಲ್ಲರ್ ಟ್ರಸ್ಟ್ ಎಂಬ ವಿಶೇಷ ಖಾತೆಯ ದಾರಿ ಇದೆ.

ಇಷ್ಟು ರಕ್ಷಣೆ ಕೊಟ್ಟ ಕಾನೂನು ‘ಕೊಡುಗೆ’ ಎಂಬ ಶಬ್ದ ಬಂದ ಕೂಡಲೇ ಮುಖ ಗಂಟಿಕ್ಕುತ್ತದೆ. ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ 60 ತಿಂಗಳು, ಅಂದರೆ ಐದು ವರ್ಷ, ಸರಿಯಾದ ಬೆಲೆ ಪಡೆಯದೆ ಯಾರಿಗೆ ಏನು ಕೊಟ್ಟಿರಿ ಎಂದು ಕೇಳುತ್ತಾರೆ. ಲುಕ್‌ಬ್ಯಾಕ್ ಎನ್ನುವುದು ಇದನ್ನೇ. ಮೊದಲು ಇದು ಬಹುತೇಕ ವರ್ಗಾವಣೆಗಳಿಗೆ 36 ತಿಂಗಳಿತ್ತು. 2006ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಡೆಫಿಸಿಟ್ ರಿಡಕ್ಷನ್ ಕಾಯ್ದೆ ಅವಧಿಯನ್ನು ಹಿಗ್ಗಿಸಿದ್ದಲ್ಲದೆ, ಅದಕ್ಕಿಂತ ಗಂಭೀರವಾದ ಇನ್ನೊಂದು ಬದಲಾವಣೆ ಮಾಡಿತು. ಲೆಕ್ಕ ಹೀಗಿದೆ. ಒಂದು ರಾಜ್ಯದಲ್ಲಿ ಆರೈಕೆಯ ಸರಾಸರಿ ಮಾಸಿಕ ವೆಚ್ಚ 9,000 ಡಾಲರ್ ಎಂದು ನಿಗದಿಯಾಗಿದೆ ಎಂದುಕೊಳ್ಳಿ. ಮೂರು ವರ್ಷದ ಹಿಂದೆ ತಾಯಿ ಮಗನ ಮನೆ ಖರೀದಿಗೆ 90,000 ಡಾಲರ್ ಕೊಟ್ಟಿದ್ದರು. ಭಾಗಿಸಿದರೆ ಹತ್ತು. ಹತ್ತು ತಿಂಗಳು ಮೆಡಿಕೇಡ್ ಹಣ ಕೊಡುವುದಿಲ್ಲ, ದಂಡ ಎನ್ನುವುದು ಇದನ್ನೇ. ಈ ಹತ್ತು ತಿಂಗಳು ಹಣ ಕೊಟ್ಟ ದಿನದಿಂದ ಶುರುವಾಗಿದ್ದರೆ ಎಂದೋ ಮುಗಿದಿರುತ್ತಿತ್ತು. ಈಗಿನ ನಿಯಮದಲ್ಲಿ ಅದು ಶುರುವಾಗುವುದು ತಾಯಿ ಆರೈಕೆ ಮನೆ ಸೇರಿ, ಉಳಿತಾಯವೆಲ್ಲ ಕರಗಿ 2,000ಕ್ಕೆ ಇಳಿದು, ಅರ್ಜಿ ಹಾಕಿ, ಉಳಿದ ಎಲ್ಲ ರೀತಿಯಲ್ಲೂ ಅರ್ಹರಾದ ಮೇಲೆ. ಕೈ ಪೂರ್ತಿ ಬರಿದಾದ ಹೊತ್ತಿಗೇ ಬಾಗಿಲು ಮುಚ್ಚಿಕೊಳ್ಳುತ್ತದೆ.

ನಮ್ಮ ಕುಟುಂಬಗಳಲ್ಲಿ ಹೀಗೆ ‘ಕೊಟ್ಟದ್ದು’ ಎಷ್ಟು ಬಗೆಯಲ್ಲಿರುತ್ತದೆ ಎಂದು ಎಣಿಸಿ ನೋಡಬೇಕು. ಮಗಳ ಮದುವೆಗೆ ಕೊಟ್ಟದ್ದು, ಮೊಮ್ಮಗನ ಕಾಲೇಜು ಫೀಸು, ಊರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಬರೆದ ಚೆಕ್ಕು, ಮೈಸೂರಿನ ಸೈಟನ್ನು ತಮ್ಮನ ಮಗನ ಹೆಸರಿಗೆ ಮಾಡಿದ ದಾನಪತ್ರ. ಇವಕ್ಕಿಂತಲೂ ಕಣ್ಣಿಗೆ ಬೀಳದ ಇನ್ನೊಂದಿದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಹಾಗಾಗಿ ಊರಲ್ಲಿ ಜಮೀನು ಮಾರುವಾಗ ಅಥವಾ ಭಾಗ ಮಾಡಿಕೊಳ್ಳುವಾಗ ಅಮೆರಿಕದಲ್ಲಿರುವ ಅಕ್ಕನ ಸಹಿ ಬೇಕಾಗುತ್ತದೆ. ರಜೆಗೆ ಬಂದ ಅಕ್ಕ ಒಂದು ರೂಪಾಯಿಯನ್ನೂ ಮುಟ್ಟದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ತವರಿನ ಪ್ರೀತಿ ಉಳಿಸಿಕೊಂಡು ಹಿಂತಿರುಗುತ್ತಾಳೆ. ಮೆಡಿಕೇಡ್ ಕಾನೂನಿನಲ್ಲಿ ‘ಆಸ್ತಿ’ ಎಂದರೆ ಕೈಯಲ್ಲಿ ಇರುವುದಷ್ಟೇ ಅಲ್ಲ. ಬರಬೇಕಾಗಿದ್ದು ತನ್ನದೇ ಕ್ರಿಯೆಯಿಂದ ಬಾರದೆ ಹೋದದ್ದೂ ಆಸ್ತಿಯೇ. ಐದು ವರ್ಷದೊಳಗೆ ಆಕೆಗೆ ಪಾರ್ಶ್ವವಾಯು ಬಡಿದರೆ ಆ ಸಹಿಯನ್ನೂ ಕೊಡುಗೆ ಎಂದು ಲೆಕ್ಕ ಹಾಕಲು ಅವಕಾಶವಿದೆ. ಕರ್ನಾಟಕದಲ್ಲಿರುವ ತಮ್ಮಂದಿರೂ ಇದನ್ನು ತಿಳಿದಿರಬೇಕು.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರನ್ನು ದಾರಿ ತಪ್ಪಿಸುತ್ತಿದೆ. ವರ್ಷಕ್ಕೆ ಒಬ್ಬರಿಗೆ 19,000 ಡಾಲರ್‌ವರೆಗೆ ಕೊಟ್ಟರೆ ತೊಂದರೆಯಿಲ್ಲ ಎಂದು ಲೆಕ್ಕಪರಿಶೋಧಕರು ಹೇಳುವುದುಂಟು. ಅದು 2025ರ ಗಿಫ್ಟ್ ತೆರಿಗೆಯ ವಿನಾಯಿತಿ, ತೆರಿಗೆ ಇಲಾಖೆಯ ಮಾತು. ಮೆಡಿಕೇಡ್‌ಗೆ ಅದರ ಸಂಬಂಧವೇ ಇಲ್ಲ. ಇನ್ನು ಬಂಗಾರ. ಮೈಮೇಲೆ ಹಾಕಿಕೊಳ್ಳುವ, ಮನೆತನದಿಂದ ಬಂದ ಒಡವೆಯನ್ನು ಸ್ವಂತ ಬಳಕೆಯ ವಸ್ತುವೆಂದು ಬಿಡುವುದು ಸಾಮಾನ್ಯ ನಿಯಮ. ಹೂಡಿಕೆಗೆಂದು ಲಾಕರಿನಲ್ಲಿಟ್ಟ ನಾಣ್ಯ, ಗಟ್ಟಿಗಳು ಲೆಕ್ಕಕ್ಕೆ ಸೇರುತ್ತವೆ. ಬೆಂಗಳೂರಿನ ಬ್ಯಾಂಕಿನಲ್ಲಿರುವ ಎನ್‌ಆರ್‌ಒ ಠೇವಣಿ, ಬಾಡಿಗೆಗೆ ಕೊಟ್ಟ ಫ್ಲ್ಯಾಟು, ಭಾರತದಿಂದ ಬರುವ ಪಿಂಚಣಿ ಯಾವುದೂ ದೂರದಲ್ಲಿದೆ ಎಂಬ ಕಾರಣಕ್ಕೆ ಹೊರಗುಳಿಯುವುದಿಲ್ಲ. ಅರ್ಜಿಯಲ್ಲಿ ಎಲ್ಲವನ್ನೂ ತೋರಿಸಲೇಬೇಕು. ಮುಚ್ಚಿಟ್ಟರೆ ಅದು ಅಪರಾಧ. ಭಾರತದ ಬ್ಯಾಂಕುಗಳು ಅಮೆರಿಕದ ತೆರಿಗೆದಾರರ ಖಾತೆಗಳ ಮಾಹಿತಿ ಒದಗಿಸಬೇಕೆಂಬ ಒಪ್ಪಂದಕ್ಕೆ ಎರಡೂ ದೇಶಗಳು 2015ರಲ್ಲೇ ಸಹಿ ಹಾಕಿವೆ.

ಹಾಗಿದ್ದರೆ ಈಗಲೇ, ಆರೋಗ್ಯ ಇರುವಾಗಲೇ, ಎಲ್ಲವನ್ನೂ ಮಕ್ಕಳ ಹೆಸರಿಗೆ ಬರೆದು ಐದು ವರ್ಷ ಕಾದುಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. ಕಾನೂನು ಅದನ್ನು ತಡೆಯುವುದಿಲ್ಲ. ಆದರೆ ಮಗನ ಹೆಸರಿಗೆ ಹೋದ ಮನೆ ಮಗನ ಸಾಲಗಾರರಿಗೂ, ಅವನ ವಿಚ್ಛೇದನದ ನ್ಯಾಯಾಲಯಕ್ಕೂ ಎಟುಕುತ್ತದೆ. ತಂದೆತಾಯಿ ತೀರಿಕೊಂಡ ಮೇಲೆ ಬಂದಿದ್ದರೆ ಆ ದಿನದ ಬೆಲೆಯನ್ನೇ ಮೂಲ ಬೆಲೆಯೆಂದು ಹಿಡಿದು ತೆರಿಗೆ ಕಡಿಮೆಯಾಗುತ್ತಿತ್ತು. ಬದುಕಿದ್ದಾಗಲೇ ಪಡೆದರೆ ಆ ಅನುಕೂಲ ತಪ್ಪುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಎಪ್ಪತ್ತರ ತಾಯಿ ತನ್ನ ಮನೆಯಲ್ಲೇ ಮಗನ ಮರ್ಜಿಗೆ ಬದುಕುವಂತಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಮೆಡಿಕೇಡ್ ಸಿಗಲಿ ಎಂಬ ಒಂದೇ ಕಾರಣಕ್ಕೆ ಈ ಬೆಲೆ ತೆರುವುದು ತಪ್ಪು. ಸಂಗಾತಿಗಿರುವ ರಕ್ಷಣೆ, ಮನೆಗಿರುವ ವಿನಾಯಿತಿ ಮೊದಲಾದ ದಾರಿಗಳನ್ನು ಹಿರಿಯರ ಕಾನೂನು ಬಲ್ಲ ವಕೀಲರ ಜೊತೆ ಕೂತು ನೋಡಿದ ಮೇಲಷ್ಟೇ ಅದನ್ನು ಯೋಚಿಸಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನೈತಿಕವಾದದ್ದು. ಬಡವರಿಗೆಂದು 1965ರಲ್ಲಿ ಹುಟ್ಟಿದ ಯೋಜನೆಯ ಹಣವನ್ನು ಉಳ್ಳವರು ಲೆಕ್ಕಾಚಾರ ಮಾಡಿ ಪಡೆಯುವುದು ಸರಿಯೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಐದು ವರ್ಷದ ತಪಾಸಣೆ ಇರುವುದು ಸರಿ ಎಂದೇ ನಾನೂ ಒಪ್ಪುತ್ತೇನೆ. ಆದರೆ ವರ್ಷಕ್ಕೆ ಲಕ್ಷ ಡಾಲರ್ ದಾಟುವ ವೆಚ್ಚ ಮಧ್ಯಮ ವರ್ಗದವರನ್ನು ಎರಡು ಮೂರು ವರ್ಷದಲ್ಲಿ ಬಡವರನ್ನಾಗಿಸುತ್ತದೆ. ಅಲ್ಲಿನ ಆರೈಕೆ ಮನೆಗಳಲ್ಲಿರುವ ಹತ್ತರಲ್ಲಿ ಸುಮಾರು ಆರು ಮಂದಿ ಮೆಡಿಕೇಡ್‌ನಲ್ಲೇ ಇರುವುದು ಅದಕ್ಕೇ. ಸಂಸತ್ತು ತಾನೇ ಬರೆದ ರಕ್ಷಣೆಯನ್ನು ತಿಳಿದು ಬಳಸುವುದು ಹಕ್ಕು, ಮುಚ್ಚಿಡುವುದು ವಂಚನೆ. ಕಾನೂನಿನ ನಿಜವಾದ ಅನ್ಯಾಯ ಬೇರೆ ಕಡೆ ಇದೆ. ಮೆಡಿಕೇಡ್‌ಗಾಗಿ ಅಲ್ಲ, ಬೇರೆ ಉದ್ದೇಶಕ್ಕೆ ಕೊಟ್ಟದ್ದು ಎಂದು ರುಜುವಾತು ಮಾಡಿದರೆ ದಂಡವಿಲ್ಲ ಎಂದು ಅದು ಹೇಳುತ್ತದೆ, ಆದರೆ ರುಜುವಾತಿನ ಭಾರ ಕೊಟ್ಟವರ ಮೇಲೇ. ಮಾತಿನಲ್ಲೇ ವ್ಯವಹಾರ ಮುಗಿಸುವ ನಮ್ಮಂಥ ಕುಟುಂಬಗಳು ಸೋಲುವುದು ಅಲ್ಲಿ.

ಇನ್ನೊಂದು ಅನ್ಯಾಯ ಸೊಸೆಯಂದಿರಿಗೆ ಆಗುವುದು. ತಂದೆ ಅಥವಾ ತಾಯಿಯ ಮನೆಯಲ್ಲಿ ಕನಿಷ್ಠ ಎರಡು ವರ್ಷ ಜೊತೆಗಿದ್ದು ನೋಡಿಕೊಂಡು, ಆರೈಕೆ ಮನೆಗೆ ಸೇರಿಸುವುದನ್ನು ಅಷ್ಟು ಕಾಲ ತಡೆದ ಮಗ ಅಥವಾ ಮಗಳಿಗೆ ಆ ಮನೆಯನ್ನು ದಂಡವಿಲ್ಲದೆ ಕೊಡಬಹುದು ಎಂಬ ಒಳ್ಳೆಯ ನಿಯಮವೊಂದಿದೆ. ಕಾನೂನಿನ ಶಬ್ದ ‘ಮಗ ಅಥವಾ ಮಗಳು’. ನಮ್ಮ ಮನೆಗಳಲ್ಲಿ ಅತ್ತೆಯ ಮೈ ಒರೆಸಿ, ಗಂಜಿ ಕುಡಿಸಿ, ರಾತ್ರಿ ನಿದ್ದೆಗೆಡುವವಳು ಹಲವೆಡೆ ಸೊಸೆ. ಅವಳು ಈ ಶಬ್ದಗಳೊಳಗೆ ಇಲ್ಲ. ಸಾಲದೆಂಬಂತೆ, ಮನೆ ಹಿರಿಯರದ್ದಾಗಿರಬೇಕು. ನಮ್ಮಲ್ಲಿ ಹಿರಿಯರು ಮಗನ ಮನೆಗೆ ಬಂದಿರುವುದೇ ಹೆಚ್ಚು. ಹೀಗೆ ನೋಡಿಕೊಂಡ ಮೇಲೆ ‘ಅವಳ ಋಣ ತೀರಿಸಬೇಕು’ ಎಂದು ಅತ್ತೆ ಕೊಡುವ ಹಣವೂ ಕೊಡುಗೆಯೇ ಆಗುತ್ತದೆ, ಏಕೆಂದರೆ ಮನೆಯವರು ಮಾಡಿದ ಸೇವೆಯನ್ನು ಪ್ರೀತಿಯಿಂದ, ಸಂಬಳವಿಲ್ಲದೆ ಮಾಡಿದ್ದೆಂದೇ ರಾಜ್ಯಗಳು ಭಾವಿಸುತ್ತವೆ. ಸೇವೆ ಶುರುವಾಗುವ ಮೊದಲೇ ಗಂಟೆ, ಕೆಲಸ, ಆ ಊರಿನ ದರಕ್ಕೆ ಹೊಂದುವ ಸಂಬಳ ಬರೆದು ಒಪ್ಪಂದ ಮಾಡಿಕೊಂಡರೆ, ತೆರಿಗೆಯನ್ನೂ ಕಟ್ಟಿದರೆ, ಅದು ಕೂಲಿ ಆಗುತ್ತದೆ. ಅತ್ತೆ ಸೊಸೆಯ ನಡುವೆ ಕರಾರುಪತ್ರವೇ ಎಂದು ಮುಜುಗರಪಡಬಾರದು. ಸೊಸೆಯ ದುಡಿಮೆಗೆ ಕಾನೂನಿನ ಕಣ್ಣಲ್ಲಿ ಬೆಲೆ ಬರುವುದು ಆ ಕಾಗದದಿಂದಲೇ.

ಗ್ರೀನ್ ಕಾರ್ಡಿನ ಮೇಲೆ ಹೋದ ತಂದೆತಾಯಂದಿರಿಗೆ 1996ರ ಕಾನೂನಿನಂತೆ ಮೊದಲ ಐದು ವರ್ಷ ಸಾಮಾನ್ಯವಾಗಿ ಕೇಂದ್ರದ ಮೆಡಿಕೇಡ್ ಇಲ್ಲ. ಆಮೇಲೂ ಪೌರತ್ವ ಸಿಗುವತನಕ ಅಥವಾ ಹತ್ತು ವರ್ಷದ ದುಡಿಮೆ ದಾಖಲಾಗುವತನಕ ಪ್ರಾಯೋಜಕನಾದ ಮಗನ ಆದಾಯವನ್ನು ಅವರದೆಂದೇ ಎಣಿಸಲು ಅವಕಾಶವಿದೆ. ಮೆಡಿಕೇಡ್ ಪಡೆದವರು ತೀರಿಕೊಂಡ ಬಳಿಕ, 55 ದಾಟಿದ ಮೇಲೆ ಆರೈಕೆಗೆ ಕೊಟ್ಟ ಹಣವನ್ನು ಅವರ ಉಳಿದ ಆಸ್ತಿಯಿಂದ ರಾಜ್ಯ ಕೇಳುತ್ತದೆ. ಸಂಗಾತಿ ಬದುಕಿರುವಷ್ಟು ಕಾಲ ಅದನ್ನು ವಸೂಲಿ ಮಾಡುವಂತಿಲ್ಲ.

ಆರೈಕೆ ಮನೆಗೆ ಸೇರಿಸುವ ದಿನ ಮಕ್ಕಳು ಒಂದು ವಿಷಯದಲ್ಲಿ ಗಟ್ಟಿಯಾಗಿರಬೇಕು. ತಂದೆಯ ಬಿಲ್ಲಿಗೆ ನಾನೇ ಜವಾಬ್ದಾರ ಎಂದು ಮಗನ ಸ್ವಂತ ಖಾತರಿ ಕೇಳುವ ಹಕ್ಕು ಮೆಡಿಕೇರ್, ಮೆಡಿಕೇಡ್ ಮಾನ್ಯತೆ ಪಡೆದ ಆರೈಕೆ ಮನೆಗಳಿಗಿಲ್ಲ. ತಂದೆಯ ಹಣದಿಂದ ಕಟ್ಟುವ ಪ್ರತಿನಿಧಿಯಾಗಿ ಸಹಿ ಹಾಕಿದರೆ ಸಾಕು. ಮೆಡಿಕೇಡ್ ಅರ್ಜಿಯ ತೀರ್ಮಾನ ಸಾಮಾನ್ಯವಾಗಿ 45 ದಿನದಲ್ಲಿ, ಅಂಗವೈಕಲ್ಯದ ಆಧಾರದ ಅರ್ಜಿಯಾದರೆ 90 ದಿನದಲ್ಲಿ ಬರಬೇಕು. ತಿರಸ್ಕಾರವಾದರೆ, ದಂಡದ ಅವಧಿ ಹೇರಿದರೆ, ಆ ಪತ್ರದಲ್ಲಿ ಬರೆದ ಗಡುವಿನೊಳಗೆ ನ್ಯಾಯಯುತ ವಿಚಾರಣೆ ಕೇಳಬಹುದು. ಕೊಟ್ಟದ್ದನ್ನು ಪಡೆದವರು ಪೂರ್ತಿ ಹಿಂತಿರುಗಿಸಿದರೆ ದಂಡ ಬೀಳುವುದಿಲ್ಲ. ಅದು ಸಾಧ್ಯವಿಲ್ಲದೆ ಔಷಧಿ, ಅನ್ನ, ಸೂರಿಗೇ ಕುತ್ತು ಬರುವಂತಿದ್ದರೆ ವಿಪರೀತ ಸಂಕಷ್ಟದ ಆಧಾರದ ಮೇಲೆ ವಿನಾಯಿತಿ ಕೋರುವ ಹಕ್ಕೂ ಇದೆ. ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡಿ, ಗಡುವಿನ ತಕರಾರು ಬಂದರೆ ಅಂಚೆಯ ಮುದ್ರೆ ಬೇಕಾಗಬಹುದು.

ಓದುಗರಲ್ಲಿ ಕೋರಿಕೆ ಇಷ್ಟೆ. ಮನೆಯ ಹಿರಿಯರ ಕಳೆದ ಐದು ವರ್ಷದ ಬ್ಯಾಂಕ್ ಹೇಳಿಕೆಗಳನ್ನು, ಭಾರತದಲ್ಲಿ ಮಾಡಿದ ಎಲ್ಲ ನೋಂದಾಯಿತ ಪತ್ರಗಳ ನಕಲನ್ನು ಈ ತಿಂಗಳೇ ಒಂದು ಕಡೆ ಸೇರಿಸಿಡಿ. ದೊಡ್ಡ ಮೊತ್ತ ಯಾರಿಗಾದರೂ ಹೋಗಿದ್ದರೆ ಯಾಕೆ ಕೊಟ್ಟದ್ದು ಎಂದು ಅವರ ಕೈಯಲ್ಲೇ, ಅವರ ನೆನಪು ಚೆನ್ನಾಗಿರುವಾಗಲೇ, ದಿನಾಂಕ ಹಾಕಿ ಬರೆಸಿಡಿ. ಊರಿಗೆ ಹೋಗಿ ಸಹಿ ಹಾಕುವ ಮೊದಲು ಅಮೆರಿಕದ ವಕೀಲರಿಗೂ ಕಾಗದ ತೋರಿಸಿ. ನಿಮ್ಮ ಊರಿಗೆ ಹತ್ತಿರದ ಹಿರಿಯರ ಸೇವಾ ಕಚೇರಿ ಯಾವುದೆಂದು ಅಮೆರಿಕ ಸರ್ಕಾರದ ಎಲ್ಡರ್‌ಕೇರ್ ಲೊಕೇಟರ್ ಉಚಿತವಾಗಿ ತಿಳಿಸುತ್ತದೆ. ಅದರ ದೂರವಾಣಿ 1-800-677-1116.