ಟಾರ್ಕ್ ರೆಂಚು: ಬಿಗಿತವನ್ನು ಅಳೆಯುವ ಬಗೆ

ನಟ್ಟು ಬೋಲ್ಟುಗಳಿಲ್ಲದ ಯಂತ್ರವನ್ನು ಊಹಿಸಿಕೊಳ್ಳುವುದೂ ಕಷ್ಟ. ಹೊಲಕ್ಕೆ ನೀರೆತ್ತುವ ಪಂಪಿನಿಂದ ಹಿಡಿದು ಮುಗಿಲಿನಲ್ಲಿ ಹಾರುವ ವಿಮಾನದವರೆಗೆ ಬಿಡಿಭಾಗಗಳನ್ನು ಒಂದುಗೂಡಿಸಿ ನಿಲ್ಲಿಸುವ ಹೊಣೆ ಅವುಗಳದೇ. ಅವನ್ನು ಎಷ್ಟು ಬಿಗಿಯಬೇಕು? ‘ಕೈಲಾದಷ್ಟು’ ಎಂಬ ಉತ್ತರ ಸಾಮಾನ್ಯವಾಗಿ ಕೇಳಿಬರುವುದು. ಆದರೆ ಒಬ್ಬರ ಕೈಗೂ ಇನ್ನೊಬ್ಬರ ಕೈಗೂ, ಗೇಣುದ್ದದ ಸ್ಪ್ಯಾನರಿಗೂ ಮೊಳದುದ್ದದ ಸ್ಪ್ಯಾನರಿಗೂ ಅಜಗಜಾಂತರವಿದೆ. ಸಾಲದಷ್ಟು ಬಿಗಿದ ನಟ್ಟು ಯಂತ್ರದ ಅದುರಾಟಕ್ಕೆ ಸಡಿಲಗೊಂಡು ಕಳಚಿಕೊಳ್ಳುವುದು; ಅತಿಯಾಗಿ ಬಿಗಿದ ಬೋಲ್ಟಿನ ಥ್ರೆಡ್ಡು ಕಿತ್ತುಹೋಗುವುದು, ಇಲ್ಲವೆ ಬೋಲ್ಟೇ ತುಂಡಾಗುವುದು. ಇವೆರಡರ ನಡುವಣ ಸರಿಯಾದ ಬಿಗಿತವನ್ನು ತಿಳಿಯಲು ಬಳಸುವ ಉಪಕರಣವೇ ಟಾರ್ಕ್ ರೆಂಚು.

ಬಿಗಿತವೆಂದರೇನು?

ಉಕ್ಕಿನ ಬೋಲ್ಟು ನೋಡಲು ಗಡುಸಾಗಿದ್ದರೂ ನಿಜವಾಗಿ ಅದೊಂದು ಸ್ಪ್ರಿಂಗು. ನಟ್ಟನ್ನು ತಿರುಗಿಸಿದಂತೆಲ್ಲ ಬೋಲ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಹವಣಿಸುವ ಅದರ ಎಳೆತವೇ ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಹಿಗ್ಗುವಿಕೆಯು ಎಳೆಯುವ ಬಲಕ್ಕೆ ಅನುಪಾತದಲ್ಲಿರುವುದೆಂದು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮವನ್ನು ವಿದ್ಯಾರ್ಥಿಗಳು ಓದಿರುವರು. ನಾವು ಬಯಸುವುದು ಈ ಎಳೆತವನ್ನು. ಆದರೆ 6 ಸೆಂಟಿಮೀಟರ್ ಉದ್ದದ ಬೋಲ್ಟು ಸರಿಯಾಗಿ ಬಿಗಿಗೊಂಡಾಗ ಹಿಗ್ಗುವುದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು, ಎಂದರೆ ಹೆಚ್ಚುಕಡಮೆ ಒಂದು ಕಾಗದದ ಹಾಳೆಯ ದಪ್ಪದಷ್ಟು ಮಾತ್ರ. ಕೆಲಸದ ಜಾಗದಲ್ಲಿ ಇದನ್ನು ನೇರವಾಗಿ ಅಳೆಯುವುದು ಸುಲಭವಲ್ಲ. ಆದುದರಿಂದ ಎಳೆತದ ಬದಲು, ನಟ್ಟನ್ನು ತಿರುಗಿಸಲು ಬೇಕಾಗುವ ಪ್ರಯತ್ನವನ್ನು ಅಳೆಯುತ್ತೇವೆ.

ತಿರುಗಿಸುವ ಬಲವನ್ನು, ತಿರುಗುವ ಕೇಂದ್ರದಿಂದ ಆ ಬಲಕ್ಕಿರುವ ಲಂಬದೂರದಿಂದ ಗುಣಿಸಿದರೆ ಬರುವ ಲಬ್ಧವೇ ಟಾರ್ಕ್. ಅರ್ಧ ಮೀಟರ್ ಉದ್ದದ ಹಿಡಿಯ ತುದಿಯನ್ನು 160 ನ್ಯೂಟನ್ ಬಲದಿಂದ ಎಳೆದರೆ ನಟ್ಟಿನ ಮೇಲೆ 80 ನ್ಯೂಟನ್-ಮೀಟರ್ ಟಾರ್ಕ್ ಬೀಳುವುದು.

ಉಪಕರಣದ ರಚನೆ

ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬಾತನು, ಕೊಳವೆಗಳ ಬೋಲ್ಟುಗಳು ಅತಿಯಾಗಿ ಬಿಗಿಗೊಳ್ಳದಂತೆ ತಡೆಯಲು 1918ರಲ್ಲಿ ಇಂಥದೊಂದು ರೆಂಚನ್ನು ರೂಪಿಸಿದನೆಂದು ಪ್ರಸಿದ್ಧಿ. ಇಂದು ಬಳಕೆಯಲ್ಲಿರುವ ಬಗೆಗಳಲ್ಲಿ ಎರಡನ್ನು ಇಲ್ಲಿ ನೋಡೋಣ. ಸೂಚಿಯುಳ್ಳ ರೆಂಚಿನಲ್ಲಿ, ಎಳೆದಾಗ ಬಾಗುವ ಒಂದು ಉಕ್ಕಿನ ಸರಳೂ ಬಾಗದೆ ನೇರವಾಗಿ ಉಳಿಯುವ ಒಂದು ಕಡ್ಡಿಯೂ ಇರುತ್ತವೆ. ಸರಳು ಎಷ್ಟು ಬಾಗಿತೆಂಬುದನ್ನು ಕಡ್ಡಿಯ ತುದಿ ಅಳತೆಪಟ್ಟಿಯ ಮೇಲೆ ತೋರಿಸುವುದು. ‘ಟಕ್’ ಎನ್ನುವ ರೆಂಚಿನ ಕೊಳವೆಯೊಳಗೆ ಒಂದು ಸ್ಪ್ರಿಂಗು ಅಡಗಿದೆ. ಹಿಡಿಯನ್ನು ತಿರುವಿ ನಮಗೆ ಬೇಕಾದ ಅಂಕಿಗೆ ಹೊಂದಿಸಿದರೆ ಸ್ಪ್ರಿಂಗು ಅದಕ್ಕೆ ತಕ್ಕಷ್ಟು ಒತ್ತಲ್ಪಡುವುದು. ಟಾರ್ಕ್ ಆ ಮಿತಿಯನ್ನು ಮುಟ್ಟಿದೊಡನೆ ಒಳಗಿನ ಸನ್ನೆ ಜಾರಿ ಕೊಳವೆಯ ಗೋಡೆಗೆ ಬಡಿಯುವುದು. ಸದ್ದು ಕೇಳಿದ ಮೇಲೂ ಎಳೆದರೆ ನಟ್ಟು ಇನ್ನೂ ಬಿಗಿಯಾಗುತ್ತಲೇ ಹೋಗುವುದೆಂಬುದನ್ನು ಮರೆಯಬಾರದು. ಸದ್ದು ಎಚ್ಚರಿಸುವುದೇ ಹೊರತು ಕೈಯನ್ನು ತಡೆಯದು.

ಘರ್ಷಣೆಯ ಪಾಲು

ನಾವು ವ್ಯಯಿಸುವ ಟಾರ್ಕಿನಲ್ಲಿ ಬೋಲ್ಟನ್ನು ಹಿಗ್ಗಿಸಲು ಒದಗುವುದೆಷ್ಟು? ನೂರು ಪಾಲಿನಲ್ಲಿ ಸುಮಾರು 50 ಪಾಲು ನಟ್ಟಿನ ಅಡಿಯ ಉಜ್ಜಾಟದಲ್ಲಿಯೂ 40 ಪಾಲು ಥ್ರೆಡ್ಡುಗಳ ಉಜ್ಜಾಟದಲ್ಲಿಯೂ ಕಳೆದುಹೋಗಿ, ಉಳಿಯುವುದು ಸುಮಾರು 10 ಪಾಲು ಮಾತ್ರ! ಆದುದರಿಂದ ಘರ್ಷಣೆ ಸ್ವಲ್ಪ ಬದಲಾದರೂ ಬಿಗಿತ ಬಹಳ ಬದಲಾಗುವುದು.

ಒಂದು ಲೆಕ್ಕ ಮಾಡಿ ನೋಡೋಣ. ಟಾರ್ಕನ್ನು ಬೋಲ್ಟಿನ ವ್ಯಾಸದಿಂದಲೂ, ಘರ್ಷಣೆಯನ್ನು ಸೂಚಿಸುವ ಒಂದು ಗುಣಾಂಕದಿಂದಲೂ ಭಾಗಿಸಿದರೆ ಎಳೆತವು ದೊರೆಯುವುದು. ಒಣ ಉಕ್ಕಿಗೆ ಈ ಗುಣಾಂಕ ಸುಮಾರು 0.2. ವ್ಯಾಸ 12 ಮಿಲಿಮೀಟರ್, ಟಾರ್ಕ್ 80 ನ್ಯೂಟನ್-ಮೀಟರ್ ಆದರೆ ಎಳೆತ ಸುಮಾರು 33,000 ನ್ಯೂಟನ್, ಇದು 3.4 ಟನ್ ಭಾರಕ್ಕೆ ಸಮ. ಅದೇ ಬೋಲ್ಟಿಗೆ ಎಣ್ಣೆ ಸವರಿದರೆ ಗುಣಾಂಕ 0.15ರ ಆಸುಪಾಸಿಗೆ ಇಳಿದು ಎಳೆತ 44,000 ನ್ಯೂಟನ್‌ಗೆ ಏರುವುದು. ಇನ್ನೂ ಜಾರುವ ಗ್ರೀಸನ್ನು ಬಳಸಿ ಗುಣಾಂಕ 0.12ಕ್ಕೆ ಇಳಿಯಿತೆನ್ನಿ, ಆಗ ಎಳೆತ 55,000 ನ್ಯೂಟನ್ ಮೀರುವುದು. ವಾಡಿಕೆಯ 8.8 ದರ್ಜೆಯ 12 ಮಿಲಿಮೀಟರ್ ಬೋಲ್ಟು ಶಾಶ್ವತವಾಗಿ ಹಿಗ್ಗದೆ ತಾಳಿಕೊಳ್ಳಬೇಕಾದ ಎಳೆತ ಸುಮಾರು 49,000 ನ್ಯೂಟನ್. ಮೂರು ಸಂದರ್ಭಗಳಲ್ಲಿಯೂ ರೆಂಚು ತೋರಿಸಿದ್ದು ಒಂದೇ ಅಂಕಿ. ಆದರೂ ಮೊದಲನೆಯ ಬೋಲ್ಟು ಕ್ಷೇಮ, ಮೂರನೆಯದು ಕೆಟ್ಟಿತು! ಆದುದರಿಂದ ಯಂತ್ರದ ಕೈಪಿಡಿಯಲ್ಲಿ ‘ಒಣ ಥ್ರೆಡ್ಡಿಗೆ’ ಎಂದಿದ್ದರೆ ಎಣ್ಣೆ ಸವರಕೂಡದು; ‘ಎಣ್ಣೆ ಸವರಿ’ ಎಂದಿದ್ದರೆ ಬಿಡಕೂಡದು. ಎರಡು ಸಂದರ್ಭಗಳಲ್ಲಿಯೂ ಧೂಳು ತುಕ್ಕುಗಳನ್ನು ಮೊದಲು ತೆಗೆದುಹಾಕಬೇಕು.

ಉಪಕರಣವು ತಾನು ಅಳೆಯುವುದರ ಹೊರತು ಬೇರೇನನ್ನೂ ಹೇಳಲಾರದು. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿನ ಮಾಲಗಾಕ್ಕೆ ಹೊರಟ ವಿಮಾನವೊಂದರ ಮುಂಗಾಜು, ಸುಮಾರು 17,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ನನ ದೇಹದ ಅರ್ಧಭಾಗ ಹೊರಕ್ಕೆ ಸೆಳೆಯಲ್ಪಟ್ಟಿತು. ಸಿಬ್ಬಂದಿಯವರು ಆತನನ್ನು ಹಿಡಿದುಕೊಂಡಿದ್ದಂತೆಯೇ ಸಹಚಾಲಕನು ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದನು. ಸುದೈವದಿಂದ ಎಲ್ಲರೂ ಬದುಕಿದರು. ಹೊಸದಾಗಿ ಕೂರಿಸಿದ್ದ ಆ ಗಾಜಿನ 90 ಬೋಲ್ಟುಗಳಲ್ಲಿ 84 ಬೋಲ್ಟುಗಳ ವ್ಯಾಸ ಬೇಕಾದುದಕ್ಕಿಂತ ಕೂದಲೆಳೆಯಷ್ಟು ಕಡಮೆಯಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಅವನ್ನು ಬಿಗಿದುದು ಟಾರ್ಕಿನ ಮಿತಿಯುಳ್ಳ ಸ್ಕ್ರೂಡ್ರೈವರಿನಿಂದಲೇ! ಸರಿಯಾದ ಬೋಲ್ಟಿಲ್ಲದ ಕಡೆ ಸರಿಯಾದ ಟಾರ್ಕಿನಿಂದ ಫಲವಿಲ್ಲ.

ಬಳಸುವ ಕ್ರಮ

ಹಿಡಿಯ ನಡುಭಾಗವನ್ನು ಹಿಡಿದು ನಿಧಾನವಾಗಿ, ಒಂದೇ ಸಮನಾಗಿ ಎಳೆಯಬೇಕು. ಜಗ್ಗಿ ಎಳೆದರೆ ಮಿತಿ ಮೀರುವುದು. ‘ಟಕ್’ ಎಂದೊಡನೆ ನಿಲ್ಲಿಸಬೇಕು. ಖಾತರಿಗೆಂದು ಮತ್ತೆ ಮತ್ತೆ ಸದ್ದು ಮಾಡಿಸುವ ಅಭ್ಯಾಸ ತಪ್ಪು. ಹಲವು ಬೋಲ್ಟುಗಳಿದ್ದಲ್ಲಿ, ಕೈಪಿಡಿ ಬೇರೆ ಕ್ರಮವನ್ನು ಹೇಳದಿದ್ದರೆ, ಎದುರುಬದುರಿನವನ್ನು ಒಂದಾದಮೇಲೊಂದರಂತೆ, ಮೊದಲು ಅರ್ಧ, ಅನಂತರ ಮುಕ್ಕಾಲು, ಕೊನೆಗೆ ಪೂರ್ಣ ಟಾರ್ಕಿಗೆ ಬಿಗಿಯಬೇಕು. ಅಳತೆಪಟ್ಟಿಯ ಗರಿಷ್ಠ ಅಂಕಿಯ ಐದನೆಯ ಒಂದು ಪಾಲಿಗಿಂತ ಕಡಮೆ ಟಾರ್ಕಿಗೆ ಆ ರೆಂಚನ್ನು ನೆಚ್ಚದೆ, ಚಿಕ್ಕ ರೆಂಚನ್ನು ಬಳಸುವುದು ಮೇಲು.

ಇಕ್ಕಟ್ಟಿನಲ್ಲಿರುವ ನಟ್ಟಿಗಾಗಿ ರೆಂಚಿನ ತಲೆಗೆ ಮುಂದಕ್ಕೆ ಚಾಚಿದ ಜೋಡಿಕೆಯನ್ನು ಸೇರಿಸುವುದುಂಟು. ಆಗ ಸನ್ನೆಯ ಉದ್ದ ಹೆಚ್ಚಿ ಲೆಕ್ಕ ಬದಲಾಗುವುದು. ರೆಂಚಿನ ಉದ್ದ 40 ಸೆಂಟಿಮೀಟರ್, ಜೋಡಿಕೆ 10 ಸೆಂಟಿಮೀಟರ್ ಇದ್ದರೆ, ನಟ್ಟಿಗೆ 100 ನ್ಯೂಟನ್-ಮೀಟರ್ ಬೇಕಾದಾಗ ರೆಂಚನ್ನು 100ರ 50ರಲ್ಲಿ 40 ಪಾಲಿಗೆ, ಅಂದರೆ 80ಕ್ಕೆ ಹೊಂದಿಸಬೇಕು.

ಕಾಪಾಡುವ ಕ್ರಮ

ಕೆಲಸ ಮುಗಿದ ಮೇಲೆ ‘ಟಕ್’ ರೆಂಚನ್ನು ಅದರ ಅತಿ ಕಡಮೆ ಅಂಕಿಗೆ ಇಳಿಸಿಡಬೇಕು. ಬಹುಕಾಲ ಒತ್ತಲ್ಪಟ್ಟ ಸ್ಪ್ರಿಂಗು ತನ್ನ ಗುಣವನ್ನು ಕಳೆದುಕೊಳ್ಳಬಹುದು. ಆದರೆ ಆ ಅಂಕಿಗಿಂತ ಕೆಳಕ್ಕೆ ತಿರುವಿದರೆ ಒಳಗಿನ ಭಾಗಗಳು ಕದಲಿಯಾವು. ತುಕ್ಕು ಹಿಡಿದ ನಟ್ಟನ್ನು ಕೀಳಲು ಇದನ್ನು ಬಳಸಬಾರದು. ಹಿಡಿಗೆ ಕೊಳವೆ ತೊಡಿಸಬಾರದು. ನೆಲಕ್ಕೆ ಬಿದ್ದ ರೆಂಚನ್ನು ಪರೀಕ್ಷಿಸದೆ ಬಳಸಬಾರದು.

ಪರೀಕ್ಷಿಸುವ ತತ್ತ್ವವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಸಾಕೆಟ್ ಸಿಕ್ಕಿಸುವ ಚೌಕ ತುದಿಯನ್ನು ಬೆಂಚ್ ವೈಸಿನಲ್ಲಿ ಭದ್ರಪಡಿಸಿ, ಕೆಳಮುಖವಾಗಿ ಎಳೆದರೆ ಬಿಗಿಯುವ ದಿಕ್ಕಾಗುವಂತೆ ರೆಂಚನ್ನು ಅಡ್ಡಲಾಗಿ ನಿಲ್ಲಿಸಿ. ಅದನ್ನು 40 ನ್ಯೂಟನ್-ಮೀಟರಿಗೆ ಹೊಂದಿಸಿ, ಚೌಕ ತುದಿಯಿಂದ 40 ಸೆಂಟಿಮೀಟರ್ ದೂರದಲ್ಲಿ, ಹಿಡಿಯ ನಡುವಿನಿಂದ ಒಂದು ಬಕೆಟನ್ನು ನೆಲಕ್ಕೆ ಸ್ವಲ್ಪವೇ ಮೇಲಿರುವಂತೆ ತೂಗುಬಿಟ್ಟು, ‘ಟಕ್’ ಎನ್ನುವವರೆಗೆ ನೀರನ್ನು ಮೆಲ್ಲಗೆ ಸುರಿಯಿರಿ. ರೆಂಚು ಒಂದು ಕಿಲೋಗ್ರಾಂ ತೂಗಿ, ಅದರ ಗುರುತ್ವಕೇಂದ್ರವು 20 ಸೆಂಟಿಮೀಟರ್ ದೂರದಲ್ಲಿದ್ದರೆ, ರೆಂಚಿನ ಸ್ವಂತ ಭಾರವೇ ಸುಮಾರು 2 ನ್ಯೂಟನ್-ಮೀಟರ್ ಕೊಡುವುದು. ಉಳಿದ 38 ನ್ಯೂಟನ್-ಮೀಟರಿಗೆ 95 ನ್ಯೂಟನ್ ಬಲ, ಅಂದರೆ ಬಕೆಟ್ಟೂ ನೀರೂ ಸೇರಿ 9.7 ಕಿಲೋಗ್ರಾಂ ಸಾಕು. ಇಂಥ ರೆಂಚಿಗೆ ಅಂತರರಾಷ್ಟ್ರೀಯ ಮಾನಕವು 100ಕ್ಕೆ 4ರಷ್ಟು ವ್ಯತ್ಯಾಸವನ್ನು ಒಪ್ಪುತ್ತದೆ; ಆದುದರಿಂದ 9.3ರಿಂದ 10.1 ಕಿಲೋಗ್ರಾಮಿನೊಳಗೆ ಸದ್ದು ಕೇಳಿಬರಬೇಕು.

ಈ ಪ್ರಯೋಗ ದೋಷವನ್ನು ತೋರಿಸಿಕೊಡಬಲ್ಲುದೇ ಹೊರತು ಅಧಿಕೃತ ಪರೀಕ್ಷೆಯ ಸ್ಥಾನವನ್ನು ತುಂಬಲಾರದು. ಬೇರೆ ಕಟ್ಟುಪಾಡು ಇಲ್ಲದಿದ್ದರೆ ವರ್ಷಕ್ಕೊಮ್ಮೆ, ಇಲ್ಲವೆ 5,000 ಬಾರಿ ಬಳಸಿದ ಮೇಲೆ, ಯಾವುದು ಮೊದಲು ಬರುವುದೋ ಆಗ, ರೆಂಚನ್ನು ಪರೀಕ್ಷಾಲಯದಲ್ಲಿ ತಾಳೆನೋಡಿಸಬೇಕೆಂಬುದು ಆ ಮಾನಕದ ಸೂಚನೆ. ತಾಳೆನೋಡಿಸಿದ ದಿನಾಂಕವನ್ನು ಪೆಟ್ಟಿಗೆಯ ಮುಚ್ಚಳದೊಳಗೆ ಬರೆದಿಟ್ಟರೆ, ರೆಂಚನ್ನು ಕೈಗೆತ್ತಿಕೊಳ್ಳುವ ಪ್ರತಿಯೊಬ್ಬನಿಗೂ ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದು ತಿಳಿಯುವುದು.