ಫಲಕದ ಅಕ್ಷರ

ಅಕ್ಷರಕ್ಕೆ ಎರಡು ಬಗೆಯ ಕೆಲಸಗಳುಂಟು. ಪುಸ್ತಕದ ಪುಟದಲ್ಲಿ ಅದು ಓದುಗನ ಕಣ್ಣಿಗೆ ಆಯಾಸವಾಗದಂತೆ ಸಾಲುಸಾಲಾಗಿ ಸಾಗಬೇಕು. ಬೀದಿಯ ಫಲಕದ ಮೇಲಾದರೋ ದಾರಿಹೋಕನ ಗಮನವನ್ನು ದೂರದಿಂದಲೇ ಸೆಳೆಯಬೇಕು. ಮೊದಲನೆಯದು ಮೆಲುದನಿಯ ಮಾತು. ಎರಡನೆಯದು ಕೂಗಿ ಕರೆಯುವ ಮಾತು. ಹೀಗೆ ಕೂಗಿ ಕರೆಯಲೆಂದೇ ರೂಪುಗೊಂಡ ಅಕ್ಷರಗಳನ್ನು ಪ್ರದರ್ಶನಾಕ್ಷರಗಳೆನ್ನಬಹುದು. ಅಂಗಡಿಯ ನಾಮಫಲಕ, ಚಲನಚಿತ್ರದ ಭಿತ್ತಿಪತ್ರ, ಪತ್ರಿಕೆಯ ತಲೆಬರಹ, ವಾಹನಗಳ ಮೇಲಿನ ಬರಹ ಇವೇ ಅವುಗಳ ನೆಲೆಗಳು.

ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರುಗಳ ದಾರಿ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಾಗುವ ಬಸ್ಸು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಮುಂದೆ ಹೋಗುತ್ತದೆ. ರಸ್ತೆಯ ಬದಿಯ ಫಲಕವನ್ನು ಓದಲು 3 ಸೆಕೆಂಡು ಹಿಡಿದರೆ, ಅಷ್ಟರಲ್ಲಿ ಬಸ್ಸು 50 ಮೀಟರು ದಾಟಿರುತ್ತದೆ. ಆದುದರಿಂದ ಫಲಕದ ಅಕ್ಷರಕ್ಕೆ ಅಂದಕ್ಕಿಂತ ಮೊದಲು ಸ್ಪಷ್ಟತೆ ಬೇಕು.

ಪ್ರದರ್ಶನಾಕ್ಷರಗಳಲ್ಲಿ ಇಂದು ಎಲ್ಲೆಡೆ ಕಾಣುವುದು ದಪ್ಪನಾದ, ಬಲಕ್ಕೆ ವಾಲಿದ, ತುದಿಯಲ್ಲಿ ಅಲಂಕಾರವಿಲ್ಲದ ರೂಪ. ಈ ಮೂರು ಗುಣಗಳಲ್ಲಿ ಒಂದೊಂದಕ್ಕೂ ಒಂದೊಂದು ಪ್ರಯೋಜನವುಂಟು. ದಪ್ಪ ಗೆರೆ ದೂರಕ್ಕೆ ಕಾಣುತ್ತದೆ. ಓರೆಯಾದ ನಿಲುವು ಚಲನೆಯನ್ನು, ವೇಗವನ್ನು ಸೂಚಿಸುತ್ತದೆ. ವಾಹನಗಳ ಮೇಲೂ ಆಟದ ಉಡುಪುಗಳ ಮೇಲೂ ಅದು ಹೆಚ್ಚಾಗಿ ಕಾಣಲು ಇದೇ ಕಾರಣ. ರೋಮನ್ ಅಕ್ಷರಗಳ ಗೆರೆಯ ಕೊನೆಯಲ್ಲಿ ಚಾಚಿಕೊಂಡಿರುವ ಪುಟ್ಟ ಅಡ್ಡಗೆರೆಗೆ ಸೆರಿಫ್ ಎಂದು ಹೆಸರು. ಅದನ್ನು ತೊರೆದ ಅಕ್ಷರವೇ ಸ್ಯಾನ್ಸ್ ಸೆರಿಫ್.

ಇವು ಹುಟ್ಟಿದ ಬಗೆ ಕುತೂಹಲಕರವಾಗಿದೆ. ಓರೆ ಅಕ್ಷರದ ಅಚ್ಚುಮೊಳೆಗಳನ್ನು ಬಳಕೆಗೆ ತಂದವನು ವೆನಿಸ್ ನಗರದ ಮುದ್ರಕ ಆಲ್ಡಸ್ ಮನೂಷಿಯಸ್. 1501ರಲ್ಲಿ ಅವನು ವರ್ಜಿಲ್ ಕವಿಯ ಕೃತಿಗಳನ್ನು ಕೈಯಲ್ಲಿ ಹಿಡಿಯಬಹುದಾದ ಚಿಕ್ಕ ಪುಸ್ತಕವಾಗಿ ಈ ಅಕ್ಷರದಲ್ಲೇ ಅಚ್ಚುಮಾಡಿದನು. ಅಂದು ಇಡೀ ಪುಸ್ತಕವನ್ನು ಹೊತ್ತ ಅಕ್ಷರವು ಇಂದು ಒಂದೆರಡು ಪದಗಳಿಗೆ ಒತ್ತುಕೊಡಲು ಬಳಕೆಯಾಗುತ್ತಿದೆ. ಸೆರಿಫ್ ಇಲ್ಲದ ಅಚ್ಚುಮೊಳೆಯನ್ನು 1816ರಲ್ಲಿ ಲಂಡನ್ನಿನ ನಾಲ್ಕನೆಯ ವಿಲಿಯಂ ಕ್ಯಾಸ್ಲನ್ ಮೊದಲಿಗೆ ತನ್ನ ಮಾದರಿ ಪುಸ್ತಕದಲ್ಲಿ ತೋರಿಸಿದನು. ಅದರ ಮರುವರ್ಷವೇ, ಎಂದರೆ 1817ರಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಬಂಗಾಳದ ಸೇರಾಂಪುರದಲ್ಲಿ ಅಚ್ಚಾಯಿತು.

ರೋಮನ್ ಅಕ್ಷರದ ಈ ಗುಣಗಳು ಕನ್ನಡಕ್ಕೆ ಹಾಗೆಯೇ ಹೊಂದುವುವೇ? ಇಲ್ಲಿ ಎಚ್ಚರ ಅಗತ್ಯ. ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಕಾಲದಲ್ಲಿ ಪಲಾಶಿಕಾ ಎಂದು ಹೆಸರಾಗಿದ್ದ ಊರು. ಅಲ್ಲಿ ದೊರೆತ ತಾಮ್ರಶಾಸನಗಳ ಭಾಷೆ ಸಂಸ್ಕೃತವಾದರೂ ಲಿಪಿಯು ಕನ್ನಡ ಲಿಪಿಯ ಪೂರ್ವರೂಪ. ಅದೇ ಕದಂಬರ ತಾಳಗುಂದದ ಕಂಬದ ಶಾಸನದಲ್ಲಿ ಅಕ್ಷರಗಳ ನೆತ್ತಿಯ ಮೇಲೆ ಪುಟ್ಟ ಪೆಟ್ಟಿಗೆಯಂಥ ಗುರುತುಗಳಿವೆ. ನೆತ್ತಿಯ ಇಂತಹ ಗುರುತೇ ಕಾಲಕ್ರಮದಲ್ಲಿ ತಲೆಕಟ್ಟಾಗಿ ಬೆಳೆಯಿತು. ಅಲಂಕಾರದಂತಿದ್ದುದು ಅಕ್ಷರದ ಅಂಗವೇ ಆಯಿತು. ‘ವ’ ಅಕ್ಷರಕ್ಕೆ ತಲೆಕಟ್ಟಿದೆ. ‘ವಿ’ ಎಂದಾಗ ಆ ಜಾಗಕ್ಕೆ ಗುಡಿಸು ಬರುತ್ತದೆ. ಆದುದರಿಂದ ರೋಮನ್ ಅಕ್ಷರವು ಸೆರಿಫನ್ನು ಕಳಚಿದಂತೆ ಕನ್ನಡವು ತಲೆಕಟ್ಟನ್ನು ಕಳಚಲಾಗದು.

ದಪ್ಪದ ವಿಷಯದಲ್ಲಿಯೂ ಹೀಗೆಯೇ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಸೀಳೊಂದೇ. ಗೆರೆ ಅತಿಯಾಗಿ ದಪ್ಪವಾದರೆ ಆ ಸೀಳು ಮುಚ್ಚಿಹೋಗಿ ‘ಧನ’ವು ‘ದನ’ವಾಗುತ್ತದೆ, ‘ಭಾರ’ವು ‘ಬಾರ’ವಾಗುತ್ತದೆ! ‘ವು’ ಮತ್ತು ‘ಮ’ಗಳನ್ನು ಬೇರ್ಪಡಿಸುವುದು ಕೊಂಬಿನ ಸ್ಥಾನ ಮಾತ್ರ. ಇನ್ನು ಓರೆ. ಕನ್ನಡದ ಅಕ್ಷರಗಳು ಬಹುಪಾಲು ದುಂಡಗಿನವು. ಗಣಕಯಂತ್ರದಲ್ಲಿ ಗುಂಡಿಯೊಂದನ್ನು ಒತ್ತಿ ಅವುಗಳನ್ನು ಹಾಗೆಯೇ ವಾಲಿಸಿದರೆ ದುಂಡು ಸೊಟ್ಟಗಾಗುತ್ತದೆ. ಅಡಿಯಲ್ಲಿರುವ ಒತ್ತಕ್ಷರವು ತನ್ನ ಮೂಲಾಕ್ಷರದ ಆಸರೆ ತಪ್ಪಿದಂತೆ ಕಾಣುತ್ತದೆ. ಬಲ್ಲ ಕಲಾವಿದನು ಅಕ್ಷರವನ್ನು ಸುಮ್ಮನೆ ವಾಲಿಸುವುದಿಲ್ಲ. ಓರೆಯಾಗಿಯೇ ಹೊಸದಾಗಿ ಬರೆಯುತ್ತಾನೆ. ಸೀಳನ್ನು ಅಗಲಿಸುತ್ತಾನೆ, ಗೆರೆಗಳು ಕೂಡುವಲ್ಲಿ ದಪ್ಪವನ್ನು ಕೊಂಚ ತಗ್ಗಿಸುತ್ತಾನೆ. ಏಕ್ ಟೈಪ್ ಸಂಸ್ಥೆಯವರು ರೂಪಿಸಿದ ‘ಬಾಲೂ ತಮ್ಮ’ ಎಂಬ ಅಕ್ಷರವಿನ್ಯಾಸವು ಕನ್ನಡಕ್ಕೆಂದೇ ಬರೆದ ದಪ್ಪ ಪ್ರದರ್ಶನಾಕ್ಷರಕ್ಕೆ ಒಂದು ನಿದರ್ಶನ.

ಎಲ್ಲಿ ಯಾವ ಅಕ್ಷರ ತಕ್ಕದ್ದೆಂಬ ವಿವೇಕವೂ ಬೇಕು. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರು ಕಪ್ಪಾಗಿ, ದಪ್ಪವಾಗಿ, ನೆಟ್ಟಗೆ ನಿಂತಿರುತ್ತದೆ. ಅಲ್ಲಿ ಅವಸರದ ಓರೆ ಸಲ್ಲದು. ವ್ಯಾಯಾಮಶಾಲೆಯ ಫಲಕಕ್ಕೆ ಓರೆ ಒಪ್ಪೀತು. ಆಸ್ಪತ್ರೆಯ ಔಷಧಿ ಚೀಟಿಗೆ ಒಪ್ಪದು. ಇಡೀ ಪುಟವನ್ನೇ ದಪ್ಪ ಓರೆ ಅಕ್ಷರದಲ್ಲಿ ಅಚ್ಚುಮಾಡಿದರೆ ಯಾವ ಮಾತಿಗೂ ಒತ್ತು ಉಳಿಯುವುದಿಲ್ಲ. ಎಲ್ಲರೂ ಕೂಗತೊಡಗಿದರೆ ಯಾರ ಮಾತೂ ಕೇಳಿಸದು.

ಬೆಳಗಾವಿಯು ಕನ್ನಡ, ಮರಾಠಿ, ಇಂಗ್ಲಿಷು ಮೂರೂ ಬೀದಿಯಲ್ಲಿ ಕಾಣುವ ಗಡಿನಗರ. ನಾಮಫಲಕಗಳಲ್ಲಿ ನೂರಕ್ಕೆ 60 ಭಾಗ ಕನ್ನಡವಿರಬೇಕೆಂದು 2024ರಲ್ಲಿ ಕರ್ನಾಟಕ ಸರ್ಕಾರವು ಕಾನೂನನ್ನು ತಿದ್ದಿತು. ಕಾನೂನು ಕನ್ನಡಕ್ಕೆ ಸ್ಥಳವನ್ನು ದೊರಕಿಸಬಲ್ಲದು. ಆದರೆ ಆ ಸ್ಥಳದಲ್ಲಿ ನಿಂತ ಅಕ್ಷರವು ಓದಿಸಿಕೊಳ್ಳುವಂತೆ ಮಾಡಬೇಕಾದುದು ಬರೆಯುವವನ ಕೈ. ಹೊಟ್ಟೆಯ ಸೀಳನ್ನೂ ಕೊಂಬನ್ನೂ ಒತ್ತನ್ನೂ ಕಾಪಾಡಿ ಬರೆದ ಒಂದು ಫಲಕ, ಸದ್ದಿಲ್ಲದೆ ನಡೆಯುವ ಭಾಷಾಸೇವೆಯೇ ಸರಿ.

ಅಭ್ಯಾಸ

1. ಪುಸ್ತಕದ ಅಕ್ಷರಕ್ಕೂ ಫಲಕದ ಅಕ್ಷರಕ್ಕೂ ಇರುವ ವ್ಯತ್ಯಾಸವೇನು?
2. ಕನ್ನಡ ಅಕ್ಷರದಿಂದ ತಲೆಕಟ್ಟನ್ನು ಏಕೆ ಕಳಚಲಾಗದು?
3. ಹೊಟ್ಟೆಯ ಸೀಳಿನಿಂದಲೇ ಅರ್ಥಭೇದವಾಗುವ ಇನ್ನೆರಡು ಜೋಡಿ ಪದಗಳನ್ನು ಬರೆಯಿರಿ.
4. ನಿಮ್ಮ ಊರಿನ ಐದು ಫಲಕಗಳನ್ನು ನೋಡಿ, ಅವುಗಳ ಅಕ್ಷರಗಳ ಗುಣದೋಷಗಳನ್ನು ಗುರುತಿಸಿರಿ.