ಠಾಣೆಯ ಪ್ರಶ್ನೆ ಮತ್ತು ಪೌರನ ಮೌನ

‘ಮೌನಂ ಸಮ್ಮತಿಲಕ್ಷಣಂ’ ಎಂಬುದು ಲೋಕರೂಢಿಯ ಮಾತು. ಮದುವೆಯ ಮಾತುಕತೆಗೆ ಸಲ್ಲುವ ಈ ನ್ಯಾಯವು ಪೋಲೀಸ್ ಠಾಣೆಗೆ ಸಲ್ಲದು. ಅಲ್ಲಿ ಸುಮ್ಮನಿದ್ದ ಮಾತ್ರಕ್ಕೆ ಯಾರ ಅಪರಾಧವೂ ಸಿದ್ಧವಾಗುವುದಿಲ್ಲ. ಆಪಾದಿತನನ್ನು ಅವನ ವಿರುದ್ಧ ಅವನೇ ಸಾಕ್ಷಿಯಾಗುವಂತೆ ಬಲಾತ್ಕರಿಸಬಾರದೆಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 20ನೆಯ ಅನುಚ್ಛೇದದ 3ನೆಯ ಖಂಡವು ವಿಧಿಸುತ್ತದೆ.

ಇದರಿಂದ ಅಪರಾಧಿಗೆ ಆಶ್ರಯ ದೊರೆಯುವುದಿಲ್ಲವೇ ಎಂಬ ಶಂಕೆ ಸಹಜವಾದುದು. ಆದರೆ ಹಿಂಸೆಗೆ ಬಾಯಿ ಬಿಡುವವನು ತಪ್ಪು ಮಾಡಿದವನೇ ಆಗಿರಬೇಕಿಲ್ಲ. ನೋವನ್ನು ತಾಳಲಾರದವನು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ. ಆಗ ನಿರಪರಾಧಿಯು ಸೆರೆಮನೆ ಸೇರುತ್ತಾನೆ, ನಿಜವಾದ ಅಪರಾಧಿಯು ಹೊರಗೆ ತಿರುಗುತ್ತಾನೆ. ಸಾಕ್ಷ್ಯವನ್ನು ಶ್ರಮದಿಂದ ಹುಡುಕುವ ಹೊಣೆಯು ರಾಜ್ಯದ್ದೆಂಬುದೇ ಈ ವಿಧಿಯ ತಿರುಳು.

ಒರಿಸ್ಸಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪತಿಯವರನ್ನು ಕಟಕದ ಜಾಗೃತ ಪೋಲೀಸ್ ಠಾಣೆಗೆ ಕರೆಸಿ, ಲಿಖಿತ ಪ್ರಶ್ನಾವಳಿಯನ್ನು ಮುಂದಿಡಲಾಯಿತು. ಅವರು ಉತ್ತರಿಸಲು ನಿರಾಕರಿಸಿದಾಗ ಅದನ್ನೇ ಅಪರಾಧವೆಂದು ಮೊಕದ್ದಮೆ ಹೂಡಲಾಯಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಬರೆದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಈ ರಕ್ಷಣೆಯು ಪೋಲೀಸ್ ವಿಚಾರಣೆಯ ಹಂತದಲ್ಲಿಯೇ ಆರಂಭವಾಗುತ್ತದೆಂದೂ, ಹೊಡೆತವಷ್ಟೇ ಅಲ್ಲದೆ ಮಾನಸಿಕ ಒತ್ತಡವೂ ಬೆದರಿಕೆಯೂ ಬಲಾತ್ಕಾರವೇ ಎಂದೂ ಸ್ಪಷ್ಟಪಡಿಸಿದರು. ಮುಖ್ಯಮಂತ್ರಿಯಾಗಿದ್ದವರೇ ಈ ಹಕ್ಕಿಗಾಗಿ ದೆಹಲಿಯವರೆಗೆ ಹೋಗಬೇಕಾಯಿತೆಂದಮೇಲೆ, ಅಕ್ಷರವರಿಯದ ಕೂಲಿಕಾರನ ಪಾಡೇನೆಂಬುದನ್ನು ಊಹಿಸಬಹುದು.

ಈ ಹಕ್ಕಿಗೂ ಎಲ್ಲೆಯುಂಟು. ಬೆರಳಚ್ಚು ಮತ್ತು ಕೈಬರಹದ ಮಾದರಿಗಳನ್ನು ಪಡೆಯುವುದು ಇದರ ಉಲ್ಲಂಘನೆಯಲ್ಲವೆಂದು 1961ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠವು ತೀರ್ಮಾನಿಸಿತು. ಅವು ದೇಹದ ಗುರುತುಗಳೇ ಹೊರತು ಮನಸ್ಸಿನೊಳಗಿನ ಅರಿವಿನ ನಿರೂಪಣೆಯಲ್ಲ. ಆದರೆ ಕರ್ನಾಟಕದಿಂದ ಹೋದ ಸೆಲ್ವಿ ಪ್ರಕರಣದಲ್ಲಿ, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ನಡೆಸಕೂಡದೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಮೈಯನ್ನು ಮುಟ್ಟದಿದ್ದರೂ ಮನಸ್ಸಿನ ಬೀಗವನ್ನು ಒಡೆಯುವುದು ಬಲಾತ್ಕಾರವೇ ಸರಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ಅದರ 180ನೆಯ ಕಲಮಿನಂತೆ, ತನ್ನನ್ನು ಅಪರಾಧದಲ್ಲಿ ಸಿಲುಕಿಸಬಹುದಾದ ಪ್ರಶ್ನೆಗಳನ್ನುಳಿದು ಮಿಕ್ಕವುಗಳಿಗೆ ಸತ್ಯವನ್ನೇ ಹೇಳಬೇಕು. ಎಂದರೆ, ಮೌನಕ್ಕೆ ರಕ್ಷಣೆಯುಂಟು, ಸುಳ್ಳಿಗಿಲ್ಲ. ತನಿಖೆಯ ವೇಳೆ ಪೋಲೀಸರು ಬರೆದುಕೊಂಡ ಹೇಳಿಕೆಗೆ ಹೇಳಿದವನ ಸಹಿ ಹಾಕಿಸತಕ್ಕದ್ದಲ್ಲವೆಂದು 181ನೆಯ ಕಲಮು ತಿಳಿಸುತ್ತದೆ. ಬಂಧಿತನು ವಿಚಾರಣೆಯ ನಡುವೆ ತನ್ನ ವಕೀಲರನ್ನು ಕಾಣಬಹುದು. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತಾಗಿ ಬಳಸುವಂತಿಲ್ಲ; ಆದರೆ ಬಂಧನದಲ್ಲಿದ್ದವನ ಮಾತಿನಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಭಾಗವು ಮಾತ್ರ ಸಾಕ್ಷ್ಯವಾಗಬಲ್ಲದು.

ಮೂಲಭೂತ ಹಕ್ಕುಗಳ ಪಾಠವನ್ನು ಮಕ್ಕಳು ಅಂಕಗಳಿಗಾಗಿ ಕಂಠಪಾಠ ಮಾಡುತ್ತಾರೆ. ಅದೇ ತರಗತಿಯಲ್ಲಿ ಕಳೆದುಹೋದ ಲೇಖನಿಗಾಗಿ ಉಪಾಧ್ಯಾಯರು ಬೆತ್ತ ಹಿಡಿದು, ಬಡ ಹುಡುಗನೊಬ್ಬನನ್ನು ನಿಲ್ಲಿಸಿ, ‘ಒಪ್ಪಿಕೋ’ ಎಂದು ಗದರಿಸಿದರೆ ಆ ಪಾಠವೆಲ್ಲವೂ ಅಲ್ಲಿಯೇ ಅಳಿಸಿಹೋಗುತ್ತದೆ. ಹೆದರಿಸದೆ ವಿಚಾರಿಸುವ ಗುರುವಿನ ಮುಂದೆ ಬೆಳೆದ ಮಗುವೇ ನಾಳೆ ಠಾಣೆಯಲ್ಲಿ ಆಪಾದಿತನ ಎದುರು ಕುಳಿತ ಅಧಿಕಾರಿಯಾಗಬಹುದು. ಸಂವಿಧಾನದ ಆ ಒಂದು ವಾಕ್ಯವು ಜೀವಂತವಾಗಿ ಉಳಿಯಬೇಕಾದುದು ಅಂಥವನ ನಡತೆಯಲ್ಲಿ.